ಗಾಳಿ ತೊಟ್ಟಿಯ ತೂತು

ತೊಟ್ಟಿಯಲ್ಲಿ ಎಲ್ಲೋ ಒಂದು ತೂತಿತ್ತು. ಎಲ್ಲಿ ಅನ್ನುವುದು ಗೊತ್ತಾಗದೆ ಟ್ಯೂಬಣ್ಣನ ತಲೆ ಬೆಳಗಿನಿಂದ ಕೆಟ್ಟುಹೋಗಿತ್ತು. ಬೇರೆ ಯಾರ ಮನೆಯಲ್ಲಾದರೂ ಆಗಿದ್ದರೆ, ಮಕ್ಕಳು ಕೂತು ನೀರಾಡುವ ಪ್ಲಾಸ್ಟಿಕ್ಕಿನ ಗಾಳಿ ತೊಟ್ಟಿ ತಾನೇ, ಇಳಿದರೆ ಇನ್ನೊಂದು ಸಲ ತುಂಬಿದರಾಯಿತು ಅಂತ ಬಿಟ್ಟುಬಿಡಬಹುದಿತ್ತು. ಆದರೆ ಜೀವಮಾನವೆಲ್ಲ ಸೈಕಲ್ಲು, ಸ್ಕೂಟರು, ಲಾರಿಗಳ ಟ್ಯೂಬಿಗೆ ಪ್ಯಾಚು ಹಾಕಿ ಹಾಕಿ, ಅಪ್ಪ ಅಮ್ಮ ಇಟ್ಟ ಹೆಸರು ತನಗೇ ಮರೆತುಹೋಗುವಷ್ಟು ಟ್ಯೂಬಣ್ಣನೇ ಆಗಿಹೋದವನ ಹಿತ್ತಿಲಲ್ಲಿ, ಅವನ ಮೊಮ್ಮಗಳ ತೊಟ್ಟಿಯೇ ಮಧ್ಯಾಹ್ನವಾಗುವಷ್ಟರಲ್ಲಿ ಸೊಂಟ ಹಿಡಿದವರ ಹಾಗೆ ಒಂದು ಕಡೆ ಕುಸಿದು ಕೂರುತ್ತಿತ್ತು. ಇದಕ್ಕಿಂತ ನಗೆಪಾಟಲು ಇನ್ನೇನಿದೆ? ನೀಲಿ ಬಣ್ಣದ ಎರಡು ದಪ್ಪ ಬಳೆಗಳನ್ನು ಒಂದರ ಮೇಲೊಂದು ಕೂರಿಸಿದ ಹಾಗಿದ್ದ ಗೋಡೆ. ಅದರ ಸುತ್ತ ಹಲ್ಲು ಬಿಟ್ಟು ನಗುವ ಮೀನುಗಳ ಚಿತ್ರ. ಗಾಳಿ ಇಳಿದಂತೆಲ್ಲ ಮೀನುಗಳ ಮುಖ ಸುಕ್ಕಾಗಿ, ನಗು ಸೊಟ್ಟಗಾಗಿ, ತನ್ನನ್ನೇ ಅಣಕಿಸುತ್ತಿವೆ ಅನ್ನಿಸುತ್ತಿತ್ತು. ಮಗ ತಂದಿದ್ದ ತೊಟ್ಟಿ ಅದು. ಸಾಮಾನು ಸಾಗಿಸುವ ವ್ಯಾನು ಓಡಿಸುವ ಮಗ, ಒಂದು ಸಂಜೆ ಪೆಟ್ಟಿಗೆಯನ್ನು ನಡುಮನೆಯಲ್ಲಿ ಇಟ್ಟು, ಏನು ಎತ್ತ ಅಂತ ಒಂದು ಮಾತೂ ಆಡದೆ ಕೈಕಾಲು ತೊಳೆಯಲು ಹೋಗಿದ್ದ. ಅವನ ಸ್ವಭಾವವೇ ಅಷ್ಟು. ಅಂಗಡಿಯ ಹತ್ತಿರ ಕೂತು ಬೆಳೆದ ಹುಡುಗ. ಗ್ರಾಹಕರ ಮುಂದೆ ಬಾಯಿ ಹಾಕಿದಾಗೆಲ್ಲ ಸುಮ್ನಿರೋ, ಸುಮ್ನಿರೋ ಅನ್ನಿಸಿಕೊಂಡು ಬೆಳೆದವನು, ಬೆಳೆದ ಮೇಲೂ ಸುಮ್ಮನೇ ಇದ್ದುಬಿಟ್ಟ.

ಆದರೆ ಸೊಸೆ ಸುಮ್ಮನಿರುವವಳಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ತೇಯ್ದು ಚೌಕಟ್ಟಿಗೆ ಕೂರಿಸುವ ಕೆಲಸ ಅವಳದು. ಇಡೀ ದಿನ ಕಣ್ಣು ಕಾಣದವರ ಜೊತೆಯೇ ಮಾತಾಡಿ, ಮನೆಯವರಿಗೂ ಏನೂ ಕಾಣುವುದಿಲ್ಲ ಅಂತ ತೀರ್ಮಾನಿಸಿಬಿಟ್ಟಿದ್ದಾಳೆ ಅಂತ ಟ್ಯೂಬಣ್ಣನ ದೂರು. ಅವತ್ತು ಬೆಳಗ್ಗೆಯೂ ಚೀಲ ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡವಳು ಮತ್ತೆ ಹಿತ್ತಿಲಿಗೆ ಬಂದಳು.

“ಮಾವ, ಒಂದೇ ಒಂದ್ ಮಾತು.”

ಒಂದು ಮಾತು ಅಂದರೆ ಹತ್ತು ಅಂತ ಅವನಿಗೆ ಗೊತ್ತು. “ಹೇಳಮ್ಮ.”

“ಕೈ ಚಾಚಿದ್ರೆ ಸಿಗ್ಬೇಕು, ಅಷ್ಟು ಹತ್ರ ಕೂತ್ಕೊಳ್ಳಿ. ನೀರು ಅವಳ ಮೊಣಕಾಲು ದಾಟ್ಬಾರ್ದು. ಫೋನ್ ಬಂದ್ರೆ ಬಡ್ಕೊಳ್ಲಿ, ಯಾರಾದ್ರೂ ಬಾಗಿಲು ತಟ್ಟಿದ್ರೆ ತಟ್ಲಿ. ಒಳಗೆ ಹೋಗ್ಲೇಬೇಕು ಅಂದ್ರೆ ಅವಳನ್ನ ಎತ್ಕೊಂಡೇ ಹೋಗಿ. ಗೋಡೆ ಮೆತ್ತಗಾಯ್ತು ಅಂದ ತಕ್ಷಣ ಹೊರಗೆ ತೆಗ್ದುಬಿಡಿ. ಆಟ ಮುಗೀತಿದ್ದಂಗೆ ನೀರು ಚೆಲ್ಲಿ ಬೋರಲು ಹಾಕಿ.”

“ಆಯ್ತಮ್ಮ.”

“ಆಯ್ತಮ್ಮ ಅಂತೀರಿ. ನಿನ್ನೆ ನಾನು ಬಂದಾಗ ನೀರು ಹಂಗೇ ಇತ್ತು. ಅದರಲ್ಲಿ ಇವಳ ಬಾತುಕೋಳಿ ಬೇರೆ ತೇಲ್ತಿತ್ತು. ಅದನ್ನ ಹಿಡಿಯೋಕೆ ಅಂತ ಒಬ್ಬಳೇ ಬಂದು ಬಗ್ಗಿದ್ರೆ?”

“ಅಷ್ಟು ನೀರಲ್ಲಿ ಇರುವೇನೂ ಮುಳುಗಲ್ಲ ಕಣಮ್ಮ.”

“ಇರುವೆ ವಿಷಯ ನನಗೆ ಬೇಡ ಮಾವ.”

ಅಂದವಳು ಹೋದಳು. ಗೇಟು ಎಳೆದುಕೊಂಡ ಸದ್ದು ಮಾತ್ರ ಬಹಳ ಹೊತ್ತು ಅವನ ಕಿವಿಯಲ್ಲಿತ್ತು. ಗೇಟು ಎಳೆಯುವುದರಲ್ಲೂ ಬುದ್ಧಿ ಹೇಳುವ ಹೆಣ್ಣು. ತಾನೂ ಒಂದು ಮಗುವನ್ನು ಸಾಕಿದವನೇ. ದೊಡ್ಡ ರಸ್ತೆಯ ಅಂಚಿನಲ್ಲಿ, ಲಾರಿಗಳು ಹಾರನ್ನು ಹೊಡೆದುಕೊಂಡು ಮೈಮೇಲೆ ಬರುವ ಜಾಗದಲ್ಲಿ, ಒಂದು ಕೈಯಲ್ಲಿ ಪಂಪು, ಇನ್ನೊಂದು ಕೈಯಲ್ಲಿ ಮಗ. ಆಗ ಯಾರು ಬಂದು ಹೇಳಿದ್ದರು ಕೈ ಚಾಚಿದರೆ ಸಿಗಬೇಕು ಅಂತ? ಈಗ ಗೋಡೆ ಕಟ್ಟಿದ ಹಿತ್ತಿಲು, ಚಿಲಕ ಹಾಕಿದ ಬಾಗಿಲು, ಅಂಗಾಲು ನೆನೆಯುವಷ್ಟು ನೀರು. ಅದಕ್ಕೊಂದು ಕಾವಲು, ಕಾವಲಿಗೊಂದು ಪಾಠ. ಹೇಳಲಿ, ಹೇಳಿಕೊಳ್ಳಲಿ ಅಂತ ಅವನು ಮಣೆ ಎಳೆದುಕೊಂಡು ತೊಟ್ಟಿಯ ಪಕ್ಕ ಕೂತ. ಕೈ ಚಾಚಿದ. ಸಿಗುತ್ತಿದ್ದಳು. ಅಷ್ಟು ಸಾಕಲ್ಲ.

ತೊಟ್ಟಿಯ ನಡುವೆ ಪೀಪಿ ಕೂತಿದ್ದಳು. ಹುಟ್ಟಿದಾಗಿನಿಂದ ಬಾಯಿಗೆ ಬಿಡುವು ಕೊಡದ ಮಗು ಅಂತ ಅವಳಪ್ಪನೇ ಇಟ್ಟ ಹೆಸರು. ಅವನು ಇಟ್ಟ ಒಂದೇ ಒಂದು ಹೆಸರು, ಅದೂ ಸರಿಯಾಗಿ ಕೂತುಬಿಟ್ಟಿತ್ತು. ತಲೆಗೆ ಹಳದಿ ಬಟ್ಟೆಯ ಟೋಪಿ, ಕೈಯಲ್ಲಿ ಬಾತುಕೋಳಿ. ಬಾತುಕೋಳಿಯನ್ನು ಮುಳುಗಿಸುವುದು, ಅದು ಪುಳಕ್ಕನೆ ಎದ್ದಾಗ ಕಿರುಚುವುದು, ಎರಡು ಕೈಯಲ್ಲೂ ನೀರನ್ನು ಬಡಿಯುವುದು, ತಾತನ ಮುಖಕ್ಕೆ ಎರಚುವುದು, ಮತ್ತೆ ಮುಳುಗಿಸುವುದು. ಟ್ಯೂಬಣ್ಣನ ಕಣ್ಣು ಅವಳ ಮೇಲಿತ್ತೇ ಹೊರತು ಮನಸ್ಸು ಗೋಡೆಯ ಮೇಲಿತ್ತು. ಮೇಲಿನ ಬಳೆ ಗಟ್ಟಿಯಾಗಿತ್ತು, ಕೆಳಗಿನದು ಮೆತ್ತಗಾಗುತ್ತಿತ್ತು. ಹೊರಗಡೆಯ ಮೈಗೆಲ್ಲ ಸೋಪಿನ ನೀರು ಸವರಿ ನೋಡಿಯಾಗಿತ್ತು. ವಾಲ್ವಿನ ಬಾಯಿಗೆ ಎಂಜಲು ಹಚ್ಚಿ ನೋಡಿಯಾಗಿತ್ತು. ಕೆನ್ನೆ ಇಟ್ಟು, ಕಿವಿ ಇಟ್ಟು ನೋಡಿಯಾಗಿತ್ತು. ಎಲ್ಲೂ ಇಲ್ಲ. ಹಾಗಾದರೆ ಒಳಮೈಯಲ್ಲೇ ಇರಬೇಕು, ನೀರಿನ ಕೆಳಗೆ.

ಅಂಗಡಿಯಲ್ಲಾಗಿದ್ದರೆ ಇದೊಂದು ಕೆಲಸವೇ ಅಲ್ಲ. ಅಲ್ಲಿ ಒಂದು ಕಬ್ಬಿಣದ ಬೋಗುಣಿ ಇತ್ತು, ಅಂಚೆಲ್ಲ ತುಕ್ಕು ಹಿಡಿದದ್ದು. ಅದರ ನೀರು ಯಾವಾಗಲೂ ಕಪ್ಪಗೆ, ಕನ್ನಡಿಯ ಹಾಗೆ. ಗಾಳಿ ತುಂಬಿದ ಟ್ಯೂಬನ್ನು ಒಂದೊಂದೇ ಗೇಣು ಮುಳುಗಿಸುತ್ತಾ ತಿರುಗಿಸುವುದು. ನೀರು ನಿಲ್ಲುವವರೆಗೆ ಕಾಯುವುದು. ಲಾರಿಯವನು ಬಂದು, ಬೇಗ ಆಗ್ಲಿ ಮಾರಾಯ, ಲೋಡು ಇದೆ ಅಂತ ತಲೆಯ ಮೇಲೆ ನಿಂತು ಕೂಗಿದರೂ, ನೀರು ನಿಲ್ಲಲಿ ಅಣ್ಣ, ನೀರು ನಿಂತ ಮೇಲೆ ಅದೇ ಹೇಳುತ್ತೆ. ಆಮೇಲೆ ಎಲ್ಲಿಂದಲೋ ಒಂದು ಗುಳ್ಳೆ. ಅದರ ಹಿಂದೆ ಇನ್ನೊಂದು. ದಾರದಲ್ಲಿ ಪೋಣಿಸಿದ ಹಾಗೆ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಮೇಲೆದ್ದು ಬಂದು ಒಡೆಯುವುದನ್ನು ಕಂಡಾಗ ಎದೆಯಲ್ಲಿ ಏನೋ ಒಂದು ಸಡಿಲವಾಗುತ್ತಿತ್ತು. ಎಷ್ಟು ಸಾವಿರ ಸಲ ಕಂಡಿದ್ದರೂ ಆ ಸುಖ ಹಳತಾಗಿರಲಿಲ್ಲ. ಹೆಂಡತಿಯ ಮುಂದೆ ಹೇಳಿದ್ದರೆ ಹುಚ್ಚು ಅನ್ನುತ್ತಿದ್ದಳು. ಬೀದಿಯಲ್ಲಿ ಎಲ್ಲರೂ ಎಲ್ಲೋ ಹೋಗುವ ಅವಸರದಲ್ಲಿರುವಾಗ, ಒಂದು ಬೋಗುಣಿ ನೀರು ಇವನೊಬ್ಬನಿಗೆ ಮಾತ್ರ ಗುಟ್ಟು ಹೇಳುತ್ತಿತ್ತು. ಈಗ ನೋಡಿದರೆ ಎಲ್ಲ ತಿರುಗುಮುರುಗು. ನೀರಿನೊಳಗೆ ಟ್ಯೂಬನ್ನು ಮುಳುಗಿಸಿ ನೋಡಿದವನ ಎದುರಿಗೆ ಟ್ಯೂಬಿನೊಳಗೇ ನೀರು. ಇದನ್ನು ಮುಳುಗಿಸಲು ಎಲ್ಲಿಂದ ತರುವುದು ಬೋಗುಣಿ? ಕೆರೆಯೇ ಬೇಕು.

“ಏನ್ ಟ್ಯೂಬಣ್ಣ!” ಮೇಲಿನಿಂದ ದನಿ ಬಂತು. ಮಹಡಿ ಮನೆಯ ಡ್ರಿಲ್ ಮೇಷ್ಟ್ರು, ಕೆಲಸ ಮುಗಿದು ಎಷ್ಟೋ ವರ್ಷವಾದರೂ ಸೀಟಿ ಊದುವ ದನಿ ಬಿಟ್ಟಿರಲಿಲ್ಲ. ಕಟಕಟೆಗೆ ಮೊಣಕೈ ಊರಿ ನಿಂತಿದ್ದರು. “ನಿನ್ನ ತೊಟ್ಟಿಗೇ ಪಂಕ್ಚರ್ರಾ? ಬೇಕಾದ್ರೆ ಹೇಳಪ್ಪ, ಒಳ್ಳೇ ಅಂಗಡಿ ತೋರಿಸ್ತೀನಿ.”

“ತೋರ್ಸಿ ಸಾರ್. ನೀವೂ ಬನ್ನಿ, ನಿಮ್ಮ ಬಾಯಿಗೂ ಒಂದು ಪ್ಯಾಚ್ ಹಾಕಿಸ್ಕೊಂಡು ಬರೋಣ.”

ಮೇಷ್ಟ್ರು ಗಹಗಹಿಸಿ ನಕ್ಕು ಒಳಗೆ ಹೋದರು. ಟ್ಯೂಬಣ್ಣನೂ ನಕ್ಕಿದ್ದ. ಆದರೆ ನಗು ಇಳಿದ ಮೇಲೆ ಮಾತು ಹಾಗೇ ಉಳಿಯಿತು, ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡ ಹಾಗೆ. ಸಂಜೆಯೊಳಗೆ ಕಂಡುಹಿಡಿಯಬೇಕು. ಸೊಸೆ ಬರುವ ಹೊತ್ತಿಗೆ ತೊಟ್ಟಿ ಡೋಲಿನ ಹಾಗೆ ಬಿಗಿಯಾಗಿ ನಿಂತಿರಬೇಕು. ಹೆಬ್ಬೆರಳಿನಿಂದ ಒಂದು ಸಲ ಬಾರಿಸಿ ತೋರಿಸಬೇಕು, ಬಾಯಲ್ಲಿ ಏನೂ ಹೇಳಬಾರದು. ಮೆತ್ತಗಾದರೆ ಮಗುವನ್ನು ಹೊರಗೆ ತೆಗೆಯಬೇಕು ಅಂದಿದ್ದಳು, ಅದು ನೆನಪಿಗೆ ಬಂತು. ತೆಗೆದರೆ ಪೀಪಿ ಊರು ಒಂದು ಮಾಡುತ್ತಾಳೆ. ಒಳಗೆ ಕರೆದುಕೊಂಡು ಹೋಗಿ ಒರೆಸಿ, ಬಟ್ಟೆ ಹಾಕಿ, ಮಲಗಿಸಿ ಬರುವಷ್ಟರಲ್ಲಿ ಗಾಳಿ ಪೂರ್ತಿ ಇಳಿದು, ನೀರು ಚೆಲ್ಲಿಹೋಗಿರುತ್ತದೆ. ಇನ್ನೊಂದು ಗಳಿಗೆ. ನೀರು ಒಂದು ಗಳಿಗೆ ನಿಂತರೆ ಸಾಕು.

ಆದರೆ ನೀರು ನಿಲ್ಲಲು ಪೀಪಿ ಬಿಡಬೇಕಲ್ಲ. “ಸುಮ್ನೆ ಕೂತ್ಕೋ ಪುಟ್ಟಾ, ಅಲ್ಲಾಡ್ಬೇಡ.” ಅವಳು ಇನ್ನೂ ಜೋರಾಗಿ ಬಡಿದಳು. “ನೋಡು, ನೀರೊಳಗಿಂದ ಗುಳ್ಳೆ ಬರುತ್ತೆ. ಸುಮ್ನಿದ್ರೆ ಮಾತ್ರ ಬರೋದು.” ಗುಳ್ಳೆ ಅಂದದ್ದಕ್ಕೆ ಒಂದು ಕ್ಷಣ ಕಣ್ಣರಳಿಸಿ ನೋಡಿದಳು. ಬರಲಿಲ್ಲ. ಬರದ ಗುಳ್ಳೆಗೆ ಬೈದು ಬಾತುಕೋಳಿಯಿಂದ ನೀರಿಗೆ ಹೊಡೆದಳು. ಗೋಡೆಗೆ ಸವರಿದ್ದ ಸೋಪು ಸೇರಿದ ನೀರು ಹಾರಿ ಅವನ ಕನ್ನಡಕದ ಮೇಲೆಲ್ಲ ಚುಕ್ಕೆ ಚುಕ್ಕೆ. ಒರೆಸಿಕೊಳ್ಳಲು ಅಂಗಿಯೂ ಒದ್ದೆ. ಸೊಸೆಯೇ ಮಾಡಿಕೊಟ್ಟ ಕನ್ನಡಕ ಅದು, ನಡುವೆ ಗೆರೆ ಇರುವಂಥದ್ದು. ಗೆರೆಯ ಮೇಲಿನಿಂದ ನೋಡಿದರೆ ದೂರದ್ದು, ಕೆಳಗಿನಿಂದ ನೋಡಿದರೆ ಹತ್ತಿರದ್ದು. “ಸುಮ್ನಿರೇ ಅಂದ್ರೆ! ಒಂದ್ ಸಲ ಸುಮ್ನಿರ್ತೀಯಾ ಇಲ್ವಾ?” ಅಂತ ಗದರಿಸಿದ. ದನಿ ತಾನಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. ಪೀಪಿಯ ಕೆಳತುಟಿ ಮುಂದಕ್ಕೆ ಬಂತು. ಅಳಲಿಲ್ಲ. ಅವನ ಕಡೆಗೆ ಬೆನ್ನು ಹಾಕಿ, ತೊಟ್ಟಿಯ ಆಚೆ ಬದಿಗೆ ತಿರುಗಿ ಕೂತಳು. ಅವಳ ಅಪ್ಪನೂ ಹೀಗೇ ತಿರುಗಿ ಕೂರುತ್ತಿದ್ದ, ಹಳೆಯ ಟೈರುಗಳ ರಾಶಿಯ ಮೇಲೆ, ರಸ್ತೆಗೆ ಮುಖ ಮಾಡಿಕೊಂಡು. ಕೂತರೆ ಕೂರಲಿ. ಆಮೇಲೆ ಎತ್ತಿಕೊಂಡು ಸಮಾಧಾನ ಮಾಡಿದರಾಯಿತು.

ಅವನು ಎರಡೂ ಅಂಗೈಯಿಂದ ಕೆಳಗಿನ ಬಳೆಯನ್ನು ಅದುಮಿ ಹಿಡಿದು ಬಗ್ಗಿದ. ಗೆರೆಯ ಕೆಳಗಿನ ಗಾಜಿನಿಂದ ನೋಡಿದ. ನೀರು ಇನ್ನೂ ತೂಗುತ್ತಿತ್ತು. ಆಮೇಲೆ ತೂಗುವುದು ಕಡಿಮೆಯಾಯಿತು. ಆಮೇಲೆ ನಿಂತಿತು. ಎಷ್ಟು ಚೆನ್ನಾಗಿ ನಿಂತಿತು ಅಂದರೆ ತಳದ ಪ್ಲಾಸ್ಟಿಕ್ಕಿನ ಮಡಿಕೆಗಳು, ಅದರಲ್ಲಿ ಸಿಕ್ಕಿಕೊಂಡ ಒಂದು ಒಣ ಎಲೆ, ಆಕಾಶದ ಒಂದು ತುಂಡು, ಎಲ್ಲ ಬೇರೆ ಬೇರೆಯಾಗಿ ಕಂಡವು. ಹಿತ್ತಿಲು ತಣ್ಣಗಾಯಿತು. ಬೆಳಗಿನಿಂದ ಕಿವಿಯಲ್ಲಿ ಕೊರೆಯುತ್ತಿದ್ದ ಗಲಾಟೆ ಇಲ್ಲದೆ ಮೈಗೆ ಹಾಯ್ ಅನ್ನಿಸಿತು. ಅಂತೂ ಹೇಳಿದ ಮಾತು ಕೇಳಿತಲ್ಲ ಮಗು. ಅವನು ಈ ಬದಿಯಿಂದ ಆ ಬದಿಗೆ ಬಳೆಯ ಗುಂಟ ನಿಧಾನವಾಗಿ ನೋಟ ಒಯ್ದ. ಇಲ್ಲ. ಇಲ್ಲಿಲ್ಲ. ಮುಂದೆ, ಆಚೆ ಬದಿಯಲ್ಲಿ, ಗೋಡೆ ಹೆಚ್ಚು ಕುಸಿದ ಕಡೆ, ನೀರಿನ ಮೇಲೆ ಒಂದು ಗುಳ್ಳೆ ಬಂತು. ಒಡೆಯಿತು. ಇನ್ನೊಂದು ಬಂತು. ಆಮೇಲೆ ಮೂರು ನಾಲ್ಕು ಒಟ್ಟಿಗೆ.

ಸಿಕ್ಕಿತು, ಅಂದುಕೊಂಡ. ಎದೆಯಲ್ಲಿ ಅದೇ ಹಳೆಯ ಗಂಟು ಸಡಿಲವಾಯಿತು. ಬೋಗುಣಿಯ ಕಪ್ಪು ನೀರು, ಕಿವಿಯ ಮೇಲೆ ಸಿಕ್ಕಿಸಿಕೊಂಡ ಗುರುತು ಹಾಕುವ ಪೆನ್ಸಿಲ್ಲು, ಲಾರಿಯವನ ಮುಖದಲ್ಲಿ ಮೂಡುವ ನಿರಾಳ, ಎಲ್ಲ ಒಂದು ಸಲಕ್ಕೆ ಬಂದವು. ಮೇಷ್ಟ್ರನ್ನು ಕೂಗಿ ಕರೆಯಬೇಕು ಅನ್ನಿಸಿತು. ತುಟಿ ಅಗಲವಾಗಿ ನಕ್ಕಿದ್ದು ಅವನಿಗೇ ಗೊತ್ತಾಯಿತು. ದೊಡ್ಡ ತೂತೇ ಇರಬೇಕು, ಇಷ್ಟು ದಪ್ಪ ಗುಳ್ಳೆ ಅಂದರೆ. ಪ್ಯಾಚಿಗೆ ಎಷ್ಟು ಅಗಲದ ತುಂಡು ಬೇಕಾದೀತು ಅಂತ ಅಳತೆ ಹಾಕುತ್ತಾ ತಲೆ ಎತ್ತಿದಾಗ, ಕನ್ನಡಕದ ಗೆರೆಯ ಮೇಲಿನಿಂದ, ಸೋಪಿನ ಚುಕ್ಕೆಗಳ ನಡುವೆ, ಗುಳ್ಳೆಯ ಪಕ್ಕದಲ್ಲೇ ಹಳದಿ ಟೋಪಿ ಕಂಡಿತು. ಟೋಪಿ ಬೋರಲಾಗಿತ್ತು. ಟೋಪಿಯ ಕೆಳಗೆ ಪೀಪಿ ಬೋರಲಾಗಿದ್ದಳು. ಮೆತ್ತಗಾದ ಗೋಡೆಯ ಮೇಲೆ ಒಂದು ಕೈ, ಆ ಕೈಗೆ ಸಿಗದೆ ತೇಲುವ ಬಾತುಕೋಳಿ. ಸದ್ದಿಲ್ಲ. ಒದ್ದಾಟವಿಲ್ಲ. ನೀರು ಕನ್ನಡಿಯ ಹಾಗೆ ನಿಂತಿತ್ತು.

ಆಮೇಲೆ ಏನೇನು ಮಾಡಿದೆ ಅನ್ನುವುದು ಅವನಿಗೆ ಸಾಲಾಗಿ ನೆನಪಿಲ್ಲ. ಕೈ ಚಾಚಿದ್ದು ನೆನಪಿದೆ. ಕೈ ಚಾಚಿದರೆ ಸಿಗುವಷ್ಟೇ ಹತ್ತಿರದಲ್ಲಿ ಅವಳು ಇದ್ದಳು, ಅಷ್ಟೂ ಹೊತ್ತು. ತೊಡೆಯ ಮೇಲೆ ಬಗ್ಗಿಸಿ ಹಾಕಿಕೊಂಡು ಬೆನ್ನು ತಟ್ಟಿದ್ದು, ಮೂಗಿನಿಂದ ಬಾಯಿಂದ ನೀರು ಬಂದದ್ದು, ಒಂದು ಗೊಗ್ಗರು ಕೆಮ್ಮು, ಆಮೇಲೆ ಅಳು. ಆ ಅಳು ಬರುವವರೆಗೆ ತಾನು ಉಸಿರಾಡಲಿಲ್ಲ ಅನ್ನುವುದು ನೆನಪಿದೆ. “ಅಳು, ಅಳು ತಾಯಿ, ಅಳು” ಅಂತ ಅವನು ಹೇಳುತ್ತಲೇ ಇದ್ದ. ಮಣೆ ಮಗುಚಿ ಬಿದ್ದಿತ್ತು. ಮೇಷ್ಟ್ರು ಒಳಗಿನಿಂದಲೇ, “ಏನಯ್ಯಾ ಅದು, ಮಗುವಿಗೆ ಬೈದ್ಯಾ?” ಅಂತ ಕೂಗಿದರು. “ಇಲ್ಲ ಸಾರ್, ಏನಿಲ್ಲ” ಅಂದ. ಏನಿಲ್ಲ ಅನ್ನುವುದು ಎಷ್ಟು ಸಲೀಸಾಗಿ ಬಾಯಿಗೆ ಬಂದುಬಿಟ್ಟಿತು.

ನೀರನ್ನು ಚೆಲ್ಲಿದ. ತೊಟ್ಟಿಯನ್ನು ಬೋರಲು ಹಾಕಿದ. ಬಾತುಕೋಳಿಯನ್ನು ಕಪಾಟಿನ ಮೇಲಿಟ್ಟ. ಹೇಳಿದ್ದನ್ನೆಲ್ಲ, ಒಂದೂ ಬಿಡದ ಹಾಗೆ, ಆಗ ಮಾಡಿದ. ಮಗುವಿನ ಮೈ ಒರೆಸಿ, ಬಟ್ಟೆ ಹಾಕಿ, ಎದೆಗೆ ಅವಚಿಕೊಂಡು ನಡುಮನೆಯಲ್ಲಿ ಕೂತ. ಅವಳು ಅತ್ತು ಸುಸ್ತಾಗಿ, ಆಮೇಲೆ ಏನೂ ಆಗದವಳ ಹಾಗೆ ಒಂದು ತುಂಡು ಬ್ರೆಡ್ಡು ತಿಂದು, ಅವನ ಅಂಗಿಯ ಗುಂಡಿ ಹಿಡಿದುಕೊಂಡೇ ನಿದ್ದೆ ಹೋದಳು. ಮುಖಕ್ಕೆ ಬಣ್ಣ ಬಂದಿತ್ತು. ಉಸಿರು ಸರಿಯಾಗಿತ್ತು. ಅವನು ಮೂಗಿನ ಕೆಳಗೆ ಬೆರಳಿಟ್ಟು ನೋಡಿದ, ವಾಲ್ವು ನೋಡುವ ಹಾಗೆ. ಆಯಿತಲ್ಲ. ಇನ್ನು ಹೇಳುವುದೇನಿದೆ? ಜಾರಿತು, ಎತ್ತಿದೆ. ಮಕ್ಕಳು ಜಾರುತ್ತವೆ, ದೊಡ್ಡವರು ಎತ್ತುತ್ತಾರೆ. ಹೇಳಿದರೆ ಸೊಸೆ ನಾಳೆಯಿಂದಲೇ ಮಗುವನ್ನು ಬೇರೆ ಎಲ್ಲಾದರೂ ಬಿಟ್ಟು ಹೋಗುತ್ತಾಳೆ. ಅಂಗಡಿ ಮುಚ್ಚಿದ ಮೇಲೆ ಅವನ ದಿನಗಳಿಗೆ ಈ ಮಗು ಬಿಟ್ಟರೆ ಗಾಳಿ ತುಂಬುವವರು ಯಾರೂ ಇರಲಿಲ್ಲ. ಹೇಳದೇ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಜಾರಿದ್ದಲ್ಲ ಅವನನ್ನು ಕೊರೆಯುತ್ತಿದ್ದದ್ದು. ಕೊರೆಯುತ್ತಿದ್ದದ್ದು ಆ ನಗು. ಅವಳ ಬಾಯಿಂದ ಉಸಿರು ಹೊರಗೆ ಹೋಗುತ್ತಿದ್ದಾಗ ತನ್ನ ತುಟಿಗಳು ಅಗಲವಾದದ್ದು.

ಸಂಜೆ ಸೊಸೆ ಬಂದಳು. ಚೀಲ ಇಳಿಸುವ ಮೊದಲೇ ಹಿತ್ತಿಲಿಗೆ ಹೋಗಿ ನೋಡಿದಳು. ತೊಟ್ಟಿ ಬೋರಲಾಗಿ ಒಣಗಿತ್ತು. ವಾಪಸು ಬಂದವಳ ಮುಖದಲ್ಲಿ ನಗು ಇತ್ತು. ಅವಳು ಅವನ ಕಡೆಗೆ ನಗುವುದು ಅಪರೂಪ.

“ಪರವಾಗಿಲ್ವೇ ಮಾವ! ಇವತ್ತು ಹೇಳಿದ್ದೆಲ್ಲಾ ಮಾಡಿದೀರಿ. ನಾನು ದಾರಿಯುದ್ದಕ್ಕೂ ಬೈಯೋಕೆ ಮಾತು ಜೋಡಿಸ್ಕೊಂಡು ಬಂದಿದ್ದೆ. ಎಲ್ಲಾ ದಂಡ.”

ಅವಳು ಚಹಾಕ್ಕೆ ನೀರಿಟ್ಟಳು. ಅವನಿಗೆ ಮೊದಲು ಕೊಟ್ಟಳು. “ನಿಜ ಹೇಳ್ಬೇಕು ಅಂದ್ರೆ, ನೀವಿದೀರಿ ಅಂತಾನೇ ನಾನು ಅಲ್ಲಿ ಕೂತು ಗಾಜು ಕೂರಿಸೋದು. ಇಲ್ಲಾಂದ್ರೆ ಕೈ ನಡುಗುತ್ತೆ ನಂಗೆ” ಅಂದಳು. ಬೆಳಗ್ಗೆ ಈ ಮಾತು ಅಂದಿದ್ದರೆ ಅವನು ಇಡೀ ದಿನ ಅದನ್ನೇ ಮೆಲುಕು ಹಾಕುತ್ತಿದ್ದ. ಈಗ ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಕೂತ. ಇವಳು ಬೈಯುವುದನ್ನು ಬಿಟ್ಟು ಹೊಗಳಲು ಇವತ್ತೇ ಬೇಕಾಗಿತ್ತೇ? ಅವನಿಗೆ ಅವಳ ಮೇಲೇ ಸಿಟ್ಟು ಬಂತು. ಬೈ, ಒಂದು ಮಾತು ಬೈ, ಯಾವುದಕ್ಕಾದರೂ. ಕನ್ನಡಕ ಒರೆಸಿಕೊಂಡಿಲ್ಲ ಅಂತಲಾದರೂ ಬೈ.

ಒಳಗೆ ಮಲಗಿದ್ದ ಪೀಪಿ ಕೆಮ್ಮಿದಳು. ಒಂದು ಸಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ.

“ಶೀತ ಆಯ್ತಾ ಏನೋ, ನೀರಲ್ಲಿ ಜಾಸ್ತಿ ಹೊತ್ತು ಬಿಟ್ರಾ?” ಅಂತ ಸೊಸೆ ಎದ್ದಳು.

“ಶೀತ ಅಲ್ಲ” ಅಂದ ಟ್ಯೂಬಣ್ಣ. ಲೋಟ ಕೆಳಗಿಟ್ಟ. “ಮಗು ಬಿತ್ತಮ್ಮ. ಬೋರಲಾಗಿ. ನೀರು ಕುಡೀತು. ಎತ್ತಿದೆ, ನೀರು ಕಕ್ಕಿತು, ಅತ್ತಿತು. ಆಮೇಲೆ ಚೆನ್ನಾಗೇ ಇದಾಳೆ. ಆದ್ರೆ ಬಿತ್ತು.”

ಅವಳು ನಿಂತಲ್ಲೇ ನಿಂತಳು. ಕಿರುಚುತ್ತಾಳೆ ಅಂದುಕೊಂಡಿದ್ದ. ಕಿರುಚಲಿಲ್ಲ. “ಯಾವಾಗ?” ಅಂದಳು.

“ಮಧ್ಯಾಹ್ನ.”

“ಎಷ್ಟು ಹೊತ್ತು ಇದ್ಲು ನೀರಲ್ಲಿ?”

ಅದೊಂದನ್ನು ಕೇಳದಿದ್ದರೆ ಆಗುತ್ತಿತ್ತು. “ಗೊತ್ತಿಲ್ಲ.”

“ಅಂದಾಜು?”

“ಗೊತ್ತಿಲ್ಲ ಕಣಮ್ಮ.”

“ಪಕ್ಕದಲ್ಲೇ ಇದ್ರಿ ತಾನೇ?”

“ಪಕ್ಕದಲ್ಲೇ ಇದ್ದೆ.”

ಅವಳು ಇನ್ನೇನೂ ಕೇಳದೆ ಒಳಗೆ ಹೋಗಿ ಮಗುವನ್ನು ಎತ್ತಿಕೊಂಡು, ಎದೆಗೆ ಕಿವಿ ಇಟ್ಟು ಕೇಳಿ, ಚಪ್ಪಲಿ ಮೆಟ್ಟಿದಳು. ಅವನು ಹಿಂದೆಯೇ ಹೊರಟ. ಬರಬೇಡಿ ಅನ್ನುತ್ತಾಳೆ ಅಂತ ಕಾದ; ಅನ್ನಲಿಲ್ಲ, ಬನ್ನಿ ಅಂತಲೂ ಅನ್ನಲಿಲ್ಲ. ಬೀದಿಯಲ್ಲಿ ಅವಳ ಹೆಜ್ಜೆ ಹಿಡಿಯಲು ಅವನು ಅರ್ಧ ಓಡಬೇಕಾಯಿತು. ಸೊಸೆಯ ಹೆಗಲ ಮೇಲಿನಿಂದ ಪೀಪಿ ಅವನನ್ನೇ ನೋಡುತ್ತಾ, ನಿದ್ದೆ ಕೆಟ್ಟ ಸಿಟ್ಟಿನಲ್ಲಿ ಮುಖ ಗಂಟು ಹಾಕಿಕೊಂಡಿದ್ದಳು. ಗದ್ದಲದ ಅಂಗಡಿಗಳು, ಮನೆಗೆ ಹೋಗುವ ಸೈಕಲ್ಲುಗಳು. ಒಂದು ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಗಾಳಿ ಕಡಿಮೆಯಿದೆ ಅನ್ನುವುದು ಈ ಹೊತ್ತಿನಲ್ಲೂ ಅವನ ಕಣ್ಣಿಗೆ ಬಿತ್ತು. ಆ ಕಣ್ಣನ್ನು ಕಿತ್ತು ಬಿಸಾಡಬೇಕು ಅನ್ನಿಸಿತು.

ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಮಗುವಿನ ಎದೆ, ಬೆನ್ನು ಎರಡೂ ಕಡೆ ಕೊಳವೆ ಇಟ್ಟು ಕೇಳಿದರು. ಬೆರಳಿಗೆ ಚಿಮಟದಂಥದ್ದು ಹಾಕಿ ನೋಡಿದರು. ಅವರೂ ಅದನ್ನೇ ಕೇಳಿದರು, ಎಷ್ಟು ಹೊತ್ತು? ಸೊಸೆ ಅವನ ಕಡೆ ನೋಡಿದಳು. “ನಾನು ಗುಳ್ಳೆ ನೋಡ್ತಿದ್ದೆ” ಅಂದ ಅವನು. “ಗುಳ್ಳೆ ಬಂತು. ತೂತು ಸಿಕ್ಕಿತು ಅಂದ್ಕೊಂಡೆ.” ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಮುದುಕನಿಗೆ ಗಾಬರಿಯಾಗಿದೆ ಅಂತ ತಿಳಿದು, “ಎದೆ ಸ್ವಚ್ಛವಾಗಿದೆ, ಭಯ ಪಡಬೇಡಿ. ಇವತ್ತು, ನಾಳೆ ಗಮನ ಇಡಿ. ಕೆಮ್ಮು ಜಾಸ್ತಿ ಆದ್ರೆ, ಉಸಿರು ಜೋರಾದ್ರೆ, ಸುಮ್ಮನೆ ಮಂಕಾಗಿಬಿಟ್ರೆ ತಡ ಮಾಡ್ದೆ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿ. ನೀರಲ್ಲಿ ಮಕ್ಕಳು ಕೂಗಿ ಕರೆಯಲ್ಲ, ತಾತ. ಸದ್ದೇ ಇರಲ್ಲ” ಅಂದರು.

ಹೊರಗಿನ ಬೆಂಚಿನಲ್ಲಿ ಇಬ್ಬರೂ ಕೂತರು, ನಡುವೆ ಪೀಪಿ. ಸೊಸೆ ಗಂಡನಿಗೆ ಫೋನು ಮಾಡಿ ಎರಡು ಮಾತು ಹೇಳಿ ಇಟ್ಟಳು. ಬಹಳ ಹೊತ್ತು ಸುಮ್ಮನಿದ್ದಳು. ಅವಳು ಸುಮ್ಮನಿರುವುದನ್ನು ಅವನು ಅವತ್ತೇ ಮೊದಲು ಕಂಡದ್ದು. ಗುಳ್ಳೆ ಅಂದದ್ದು ಡಾಕ್ಟರಮ್ಮನಿಗೆ ಅರ್ಥವಾಗದಿದ್ದರೂ ಇವಳಿಗೆ ಆಗಿದೆ ಅನ್ನುವುದು ಅವಳ ದವಡೆ ನೋಡಿದರೆ ತಿಳಿಯುತ್ತಿತ್ತು. ಆಮೇಲೆ ಅವಳು ತಿರುಗಿ ಅವನ ಮುಖದಿಂದ ಕನ್ನಡಕ ಎಳೆದುಕೊಂಡಳು. ಲೋಕವೆಲ್ಲ ಕಲಸಿಹೋಯಿತು. ಅವಳು ಗಾಜಿಗೆ ಬಾಯಿಂದ ಆವಿ ಬಿಟ್ಟು, ಚೀಲದಿಂದ ತೆಗೆದ ಬಟ್ಟೆಯಲ್ಲಿ ಒಣಗಿದ ಸೋಪಿನ ಚುಕ್ಕೆಗಳನ್ನು ಉಜ್ಜಿ ಉಜ್ಜಿ ತೆಗೆಯುವುದು ಮಸುಕಾಗಿ ಕಾಣಿಸುತ್ತಿತ್ತು. ಅವಳ ಕೈ ನಡುಗುತ್ತಿತ್ತು.

“ಇಷ್ಟು ಕೊಳೆ ಇಟ್ಕೊಂಡು ಏನ್ ಕಾಣುತ್ತೆ ರೀ ನಿಮಗೆ? ಏನ್ ಕಾಣುತ್ತೆ? ಸಾವಿರ ಸಲ ಹೇಳಿದೀನಿ, ಒರೆಸ್ಕೊಳ್ಳಿ, ಒರೆಸ್ಕೊಳ್ಳಿ ಅಂತ!” ಅಂದಳು, ಬೆಂಚಿನ ಆಚೆ ಈಚೆ ಕೂತವರೆಲ್ಲ ತಿರುಗಿ ನೋಡುವ ಹಾಗೆ. ಕನ್ನಡಕವನ್ನು ಮತ್ತೆ ಅವನ ಮೂಗಿನ ಮೇಲಿಟ್ಟು, ಕಿವಿಯ ಹಿಂದೆ ಒಂದು ಸಲ ಗಟ್ಟಿಯಾಗಿ ಒತ್ತಿದಳು. ನೋವಾಯಿತು. ಅವನು ಹೂಂ ಅಂದ.

ಆಮೇಲೆ ಕೆಲವು ದಿನ ಅವಳು ಕೆಲಸಕ್ಕೆ ರಜೆ ಹಾಕಿದಳು. ತೊಟ್ಟಿ ಮಡಚಿಕೊಂಡು ಮೂಲೆಯಲ್ಲಿತ್ತು. ಪೀಪಿ ಮಾತ್ರ ದಿನಾ ಎದ್ದ ಕೂಡಲೇ ಅದನ್ನು ಕಾಲು ಹಿಡಿದು ಎಳೆಯುವ ಹಾಗೆ ಎಳೆದು ಹಿತ್ತಿಲಿಗೆ ತರುವಳು, ಯಾರಾದರೂ ಒಯ್ದು ಮತ್ತೆ ಮೂಲೆಗೆ ಹಾಕುವರು. ಬಿಸಿಲು ಏರುತ್ತಾ ಹೋಯಿತು. ಕೊನೆಗೆ ಸೊಸೆಯೇ, “ಮಾವ, ಒಂದೋ ಇದನ್ನ ಸರಿ ಮಾಡಿ, ಇಲ್ಲಾಂದ್ರೆ ಬಿಸಾಕಿ. ನನ್ನ ಕೈಲಿ ಇವಳ ರಗಳೆ ತಡೆಯೋಕಾಗಲ್ಲ” ಅಂದಳು.

ಟ್ಯೂಬಣ್ಣ ಅಟ್ಟದಿಂದ ಅಂಗಡಿಯ ಆ ಕಬ್ಬಿಣದ ಬೋಗುಣಿ ಇಳಿಸಿದ. ತೊಟ್ಟಿಗೆ ಗಾಳಿಯನ್ನು ಅರ್ಧವೇ ತುಂಬಿ, ಬಳೆಯನ್ನು ಮಡಚಿ ಮಡಚಿ ಒಂದೊಂದೇ ಗೇಣು ಮುಳುಗಿಸಿದ. ಆವತ್ತೇ ಹೀಗೆ ಮಾಡಬಹುದಿತ್ತು ಅನ್ನುವುದು ಕೈಗೆ ಈಗ ಹೊಳೆಯುತ್ತಿತ್ತು. ಮಗು ಅಮ್ಮನ ಸೊಂಟದ ಮೇಲಿತ್ತು, ಬಾಗಿಲ ಹತ್ತಿರ. ಅದನ್ನು ಮೂರು ಸಲ ತಿರುಗಿ ನೋಡಿ ಖಾತ್ರಿ ಮಾಡಿಕೊಂಡ ಮೇಲೂ, ನೀರು ನಿಂತು ಮೊದಲ ಗುಳ್ಳೆ ಎದ್ದಾಗ ಅವನು ನಾಲ್ಕನೇ ಸಲ ತಿರುಗಿ ನೋಡಿದ. ತಳದ ಅಂಟಿನ ಹತ್ತಿರ, ಸೂಜಿಮೊನೆಯಷ್ಟು. ಇಷ್ಟೇ ಇಷ್ಟು. ನೋಡಲಾಗದೆ ಮುಖ ಆಚೆ ತಿರುಗಿಸಿ, ಹೆಬ್ಬೆರಳಲ್ಲೇ ತಡವಿ ಗುರುತು ಮಾಡಿಕೊಂಡು, ಒರೆಸಿ, ಉಜ್ಜಿ, ಅಂಟು ಸವರಿ ಪ್ಯಾಚು ಕೂರಿಸಿದ. ತೊಟ್ಟಿ ಬಿಗಿಯಾಗಿ ನಿಂತಿತು. ಮೀನುಗಳ ನಗು ನೆಟ್ಟಗಾಯಿತು. ಅವನು ಹೆಬ್ಬೆರಳಿನಿಂದ ಬಾರಿಸಿ ತೋರಿಸಲಿಲ್ಲ.

ಸೊಸೆ ತಾನೇ ನೀರು ಬಿಟ್ಟಳು, ತಾನೇ ಅಳೆದಳು. ಆಮೇಲೆ ಮಗುವನ್ನು ಎತ್ತಿಕೊಂಡು ಒಂದು ಗಳಿಗೆ ನಿಂತು, ಅವನ ಮುಖ ನೋಡಿದಳು. ಗಾಜು ನೋಡಿದಳೋ, ಗಾಜಿನ ಹಿಂದಿನ ಕಣ್ಣು ನೋಡಿದಳೋ. ಪೀಪಿಯನ್ನು ಅವನ ಕೈಗೆ ಕೊಟ್ಟು, ಸಾಬೂನು ಹಚ್ಚಿಟ್ಟ ಬಟ್ಟೆಗಳ ಕಡೆ ಹೋದಳು. ಹೋದರೂ ಬೆನ್ನು ತಿರುಗಿಸಲಿಲ್ಲ. ಅವನು ಮಣೆಯನ್ನು ಕಾಲಿನಿಂದ ಆಚೆ ತಳ್ಳಿ, ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಮಡಚಿ, ಮಗುವನ್ನು ಎತ್ತಿಕೊಂಡೇ ತೊಟ್ಟಿಯೊಳಗೆ ಇಳಿದು ಕೂತ. ನೀರು ಸೊಂಟದವರೆಗೂ ಬರಲಿಲ್ಲ. ಪ್ಯಾಂಟು ಹೇಗೂ ನೆನೆಯಿತು.

“ಟ್ಯೂಬಣ್ಣಾ!” ಮೇಲಿನಿಂದ ಮೇಷ್ಟ್ರು. “ಏನಯ್ಯಾ ಇದು, ನೀನೇ ಇಳಿದುಬಿಟ್ಯಲ್ಲ? ಈಜು ಕಲೀತಿದೀಯಾ?”

“ಹೂಂ ಸಾರ್. ಇಳೀರಿ ನೀವೂ.”

ಪೀಪಿ ಅವನ ಎದುರಿಗೆ, ಅವನ ಎರಡು ಮೊಣಕಾಲುಗಳ ನಡುವೆ ಕೂತಿದ್ದಳು. ಕಿರುಚಲಿಲ್ಲ. ನೀರು ಬಡಿಯಲಿಲ್ಲ. ಕೈ ಕಟ್ಟಿಕೊಂಡು, ಕೊರಳು ಬಗ್ಗಿಸಿ ನೀರನ್ನೇ ನೋಡುತ್ತಾ ಕೂತುಬಿಟ್ಟಳು. ಟ್ಯೂಬಣ್ಣ ಬಗ್ಗಿ ಅವಳ ಮುಖ ನೋಡಿದ. “ಯಾಕೆ ಪುಟ್ಟಾ? ಆಡು. ಕೂಗು.” ಅವಳು ಅಲ್ಲಾಡಲಿಲ್ಲ. “ಕೂಗೇ, ಒದರು, ಎರಚು ನನ್ನ ಮುಖಕ್ಕೆ!” ಬೇರೆ ದಿನ ಬಾಯಿ ಮುಚ್ಚು ಅಂದರೆ ಬೀದಿ ಎಬ್ಬಿಸುವ ಮಗು, ಈಗ ಬಾಯಿ ತೆಗಿ ಅಂದರೆ ತೆಗೆಯುವುದಿಲ್ಲ. ಎಂಥಾ ಹಟ ಇದು, ಯಾರಿಂದ ಬಂದದ್ದು? “ನಿನ್ನ ದಮ್ಮಯ್ಯ ಕಣೇ, ಒಂದ್ ಸಲ ಕೂಗು!”

ಪೀಪಿ ತುಟಿಯ ಮೇಲೆ ಬೆರಳಿಟ್ಟಳು. ಹುಬ್ಬು ಗಂಟು ಹಾಕಿ, ಅವನದೇ ದನಿಯಲ್ಲಿ, ಪಿಸುಗುಟ್ಟಿದಳು.

“ಸುಮ್ನಿರು ತಾತ. ಅಲ್ಲಾಡ್ಬೇಡ. ಗುಳ್ಳೆ ಬರುತ್ತೆ.”

ನೀರು ತೂಗುವುದು ಕಡಿಮೆಯಾಗಿ, ನಿಲ್ಲುವುದರಲ್ಲಿತ್ತು. ಟ್ಯೂಬಣ್ಣ ಎರಡೂ ಕೈ ಎತ್ತಿ ಧಪ್ಪನೆ ಬಡಿದ. ಮತ್ತೆ ಬಡಿದ. ನೀರು ಹಾರಿ ಮಗುವಿನ ಟೋಪಿ, ಒಗೆದ ಬಟ್ಟೆ, ಸೊಸೆಯ ಮುಖ, ಅವನ ಗಾಜು, ಎಲ್ಲವನ್ನೂ ನೆನೆಸಿತು. ಮೇಲೆ ಮೇಷ್ಟ್ರು ಬೈಯುತ್ತಾ ಕಿಟಕಿ ಮುಚ್ಚಿಕೊಂಡರು. ಅವನು ಬಾಯಿ ತೆರೆದು, ತನಗೇ ಗುರುತು ಸಿಗದಂಥ ದನಿಯಲ್ಲಿ ಹೋ ಅಂತ ಕೂಗುತ್ತಾ, ನೀರನ್ನು ಒಂದು ಗಳಿಗೆಯೂ ನಿಲ್ಲಲು ಬಿಡದೆ, ಬಡಿಯುತ್ತಲೇ ಇದ್ದ.